ಕಾಲಿಲ್ಲದ ಉಭಯಚರ

ಆಷಾಢದ ಮಳೆ ಹಿಡಿದಾಗ ಬೈಂದೂರು, ಕುಂದಾಪುರ, ಬ್ರಹ್ಮಾವರಗಳ ಕಡೆಯ ತೋಟಗಳಲ್ಲಿ ಹಾರೆ ಹಾಕಿದರೆ, ಒಮ್ಮೊಮ್ಮೆ ನುಣುಪಾದ, ಮೈಯೆಲ್ಲ ಬಳೆಬಳೆಯಾದ ಜಂತುವೊಂದು ಮಣ್ಣಿನೊಡನೆ ಮೇಲಕ್ಕೆ ಬರುವುದುಂಟು. ಹಾವೆಂದು ಬಗೆದು ಅದನ್ನು ಅಲ್ಲಿಯೇ ಕೊಲ್ಲುವವರಿದ್ದಾರೆ. ದೊಡ್ಡ ಎರೆಹುಳುವೆಂದು ಬಿಟ್ಟು ನಡೆಯುವವರೂ ಇದ್ದಾರೆ. ಅದು ಹಾವೂ ಅಲ್ಲ, ಹುಳುವೂ ಅಲ್ಲ, ಕಪ್ಪೆಯ ದಾಯಾದಿ.

ಉಭಯಚರಗಳಲ್ಲಿ ಮೂರು ಗಣಗಳುಂಟು. ಬಾಲವಿಲ್ಲದ ಕಪ್ಪೆಗಳು ಮೊದಲನೆಯವು. ಬಾಲವುಳ್ಳ ಸಾಲಮಾಂಡರುಗಳು ಎರಡನೆಯವು. ಕಾಲೇ ಇಲ್ಲದ ಸಿಸಿಲಿಯನ್ನುಗಳು ಮೂರನೆಯವು.

ಸಾಲಮಾಂಡರು ಹಲ್ಲಿಯಂತೆ ತೋರುತ್ತದೆ. ಆದರೆ ಅದರ ಚರ್ಮ ಹುರುಪೆಯಿಲ್ಲದೆ ಒದ್ದೆಯಾಗಿರುತ್ತದೆ. ಪ್ರಪಂಚದಲ್ಲಿ ಅದರ 800ಕ್ಕೂ ಹೆಚ್ಚಿನ ಜಾತಿಗಳಿವೆ. ಚೀನಾದ ದೈತ್ಯ ಸಾಲಮಾಂಡರು ಆಳುದ್ದ ಬೆಳೆಯಬಲ್ಲದು. ಬಹುಪಾಲು ಅಮೆರಿಕಾ ಖಂಡಗಳಲ್ಲಿರುವ ಒಂದು ದೊಡ್ಡ ಕುಲಕ್ಕೆ ಶ್ವಾಸಕೋಶಗಳೇ ಇಲ್ಲ. ಅವು ಚರ್ಮದ ಮೂಲಕವೂ ಬಾಯಿಯ ಒಳಪೊರೆಯ ಮೂಲಕವೂ ಉಸಿರಾಡುತ್ತವೆ. ಕಳೆದುಹೋದ ಕಾಲನ್ನು ಮರಳಿ ಬೆಳೆಸಿಕೊಳ್ಳುವ ಶಕ್ತಿ ಹಲವು ಜಾತಿಗಳಿಗಿದೆ. ಆದರೆ ಭಾರತದಲ್ಲಿ ಇವು ಡಾರ್ಜಿಲಿಂಗ್ ಮೊದಲಾದ ಪೂರ್ವ ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳಲ್ಲಲ್ಲದೆ ಬೇರೆಲ್ಲಿಯೂ ಇಲ್ಲ. ನಮ್ಮ ಸಹ್ಯಾದ್ರಿಯಲ್ಲಿ ಒಂದೂ ಇಲ್ಲ.

ಸಹ್ಯಾದ್ರಿಯ ಸಂಪತ್ತು ಮೂರನೆಯ ಗಣ. 2004ರಲ್ಲಿ ಗೋಪಾಲಕೃಷ್ಣ ಭಟ್ಟ ಮತ್ತು ಶ್ರೀನಿವಾಸ ಎಂಬ ವಿದ್ವಾಂಸರು ಈ ಸೀಮೆಯದೇ ಆದ ಮೂಕಾಂಬಿಕಾ ವನ್ಯಧಾಮದಿಂದ ಹೊಸ ಸಿಸಿಲಿಯನ್ ಜಾತಿಯೊಂದನ್ನು ವರ್ಣಿಸಿದರು. ಪರಿಸರಶಾಸ್ತ್ರಜ್ಞ ಮಾಧವ ಗಾಡ್ಗೀಳರ ಗೌರವಾರ್ಥವಾಗಿ ಅದಕ್ಕೆ ಗೆಗೆನಿಯೋಫಿಸ್ ಮಾಧವೈ ಎಂದು ಹೆಸರಾಯಿತು. ಈ ಹೆಸರಿನ ಮೊದಲ ಪದಕ್ಕೆ ಗ್ರೀಕಿನಲ್ಲಿ ‘ಮಣ್ಣಿನಲ್ಲಿ ಹುಟ್ಟಿದ ಹಾವು’ ಎಂದರ್ಥ. ಶಾಸ್ತ್ರಜ್ಞರೇ ಹಾವೆಂದು ಹೆಸರಿಟ್ಟ ಮೇಲೆ ನಮ್ಮ ತೋಟಿಗರನ್ನು ದೂರುವುದು ಹೇಗೆ?

ಆದರೂ ಗುರುತು ಕಷ್ಟವಲ್ಲ. ಹಾವಿನ ಮೈ ಒಣಗಿದ್ದು, ಹುರುಪೆಗಳು ಹೊರಗೆ ಕಾಣುತ್ತವೆ. ಇದರ ಮೈ ಲೋಳೆಯಿಂದ ಜಾರುತ್ತದೆ. ಎರೆಹುಳುವಿಗೆ ಬೆನ್ನುಮೂಳೆಯಿಲ್ಲ, ದವಡೆಯಿಲ್ಲ. ಇದಕ್ಕೆ ಎರಡೂ ಇವೆ, ಹಲ್ಲುಗಳೂ ಇವೆ. ಕತ್ತಲೆಯ ಬಾಳಿನಿಂದ ಇದರ ಕಣ್ಣು ಕುಗ್ಗಿದೆ. ಅದಕ್ಕೆ ಬದಲಾಗಿ ಕಣ್ಣು ಮೂಗುಗಳ ನಡುವಣ ಸಣ್ಣ ಸ್ಪರ್ಶಾಂಗದಿಂದ ದಾರಿಯನ್ನೂ ಆಹಾರವನ್ನೂ ಅರಸುತ್ತದೆ. ಎರೆಹುಳು, ಗೆದ್ದಲುಗಳು ಇದರ ಆಹಾರ. ಕೆಲವು ಜಾತಿಗಳಲ್ಲಿ ತಾಯಿಯು ಮೊಟ್ಟೆಗಳ ಗೊಂಚಲನ್ನು ಮೈಯಿಂದ ಸುತ್ತಿ ಕಾಯುತ್ತದೆ. ಹಾರೆಯ ಪೆಟ್ಟು ಬೀಳುವುದು ಅನೇಕ ವೇಳೆ ಇಂತಹ ತಾಯಿಯ ಮೇಲೆಯೇ ಇರಬಹುದು.

ಇದರಿಂದ ನಮಗಾಗಲಿ ಬೆಳೆಗಾಗಲಿ ಕೇಡಿಲ್ಲ. ಇದು ಬೇಡುವುದು ಸಡಿಲವಾದ ತೇವದ ಮಣ್ಣನ್ನು ಮಾತ್ರ. ಮಣ್ಣು ಒಣಗಿದರೆ ಇದು ಬದುಕಲಾರದು. ಆದುದರಿಂದ ಮುಂದಿನ ಸಲ ಹಾರೆಯ ಬಾಯಿಗೆ ಈ ಜೀವ ಸಿಕ್ಕಿದರೆ, ಒಂದು ಹಿಡಿ ಒದ್ದೆ ಮಣ್ಣಿನೊಡನೆ ತೋಟದ ಅಂಚಿಗೆ ಸರಿಸಿಬಿಡೋಣ. ನಾವು ಹೆಸರು ಕಲಿಯುವ ಮೊದಲೇ ನಮ್ಮ ನೆಲದಲ್ಲಿ ನೆಲೆಸಿದ ಪ್ರಾಣಿಗೆ ಇಷ್ಟಾದರೂ ನಾವು ಸಲ್ಲಿಸಬೇಕಾದುದು.