ಬಿದಿರು ಮತ್ತು ಮೇಣ: ಬೆನ್ನೆಲುಬಿನ ಎಕ್ಸ್‌ರೇ ಓದು

ಬೆನ್ನು ಹಿಡಿದುಕೊಂಡರೂ ಕೀಲು ಬಿಗಿದರೂ ಕನ್ನಡದ ಆಡುನುಡಿ ಅದನ್ನು ‘ವಾಯು’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದುಂಟು. ವೈದ್ಯಶಾಸ್ತ್ರ ಹಾಗೆ ಮುಗಿಸಲಾರದು. ಆದರೆ ಎಕ್ಸ್‌ರೇ ಚಿತ್ರವನ್ನು ಓದುವಾಗ ಅದೂ ರೂಪಕಗಳನ್ನೇ ಆಶ್ರಯಿಸಿದೆ ಎಂಬುದು ಜಾನಪದ ಅಭ್ಯಾಸಿಗಳಿಗೆ ಕುತೂಹಲಕರ ಸಂಗತಿ.

ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಬೆನ್ನೆಲುಬಿನ ಉರಿಯೂತದ ಸಂಧಿವಾತಗಳಲ್ಲಿ ಮುಖ್ಯವಾದುದು. ಸಾಮಾನ್ಯವಾಗಿ 45 ವರ್ಷಕ್ಕೆ ಮೊದಲೇ ತಲೆದೋರುತ್ತದೆ. ಇದರ ಗುರುತು ಮೊದಲು ಕಾಣುವುದು ಬೆನ್ನೆಲುಬಿನ ಬುಡವು ಸೊಂಟದ ಮೂಳೆಯನ್ನು ಕೂಡುವ ತ್ರಿಕ-ಶ್ರೋಣಿ ಕೀಲುಗಳಲ್ಲಿ. ಎರಡೂ ಬದಿಯ ಕೀಲುಗಳ ಅಂಚು ಮಸುಕಾಗಿ, ಸವೆದು, ಕಡೆಗೆ ಬೆಸೆದುಹೋಗುತ್ತದೆ. ಅನಂತರ ಕಶೇರುವಿನ ಅಂಚಿನಿಂದ ಅಂಚಿಗೆ ಮೂಳೆಯ ತೆಳು ಎಳೆಗಳು ನೇರವಾಗಿ ಹಬ್ಬುತ್ತವೆ. ಪೂರ್ಣ ಬೆಸೆದ ಬೆನ್ನು ಗೆಣ್ಣುಗೆಣ್ಣಾಗಿ ತೋರುವುದರಿಂದಲೇ ‘ಬಿದಿರು ಬೆನ್ನು’ ಎಂಬ ಹೆಸರು. ಸೋರಿಯಾಸಿಸ್ ಜೊತೆ ಬರುವ ಸಂಧಿವಾತದಲ್ಲಿ ಈ ಸಮತೆ ಹಲವು ವೇಳೆ ಇರುವುದಿಲ್ಲ: ಒಂದು ಬದಿ ಹೆಚ್ಚು, ಇನ್ನೊಂದು ಕಡಿಮೆ, ಎಳೆಗಳ ಬದಲು ದಪ್ಪನೆಯ ಒರಟು ಸೇತುವೆಗಳು, ನಡುನಡುವೆ ಬಿಟ್ಟುಹೋದ ಕಶೇರುಗಳು.

ಇವನ್ನು ಹೋಲುವ, ಆದರೆ ಉರಿಯೂತವಲ್ಲದ ಸ್ಥಿತಿಯೊಂದಿದೆ. 1950ರಲ್ಲಿ ಫೊರೆಸ್ಟಿಯೆ ಮತ್ತು ರೋಟೆಸ್-ಕೆರೋಲ್ ವಿವರಿಸಿದ, ಇಂದು ‘ಡಿಶ್’ ಎನ್ನಲಾಗುವ, ಹೆಚ್ಚಾಗಿ ಇಳಿವಯಸ್ಸಿನಲ್ಲಿ ಕಾಣುವ ತೊಂದರೆಯದು. ಕರಗಿದ ಮೇಣ ಇಳಿದಂತೆ ಮೂಳೆಯು ಸಾಲಾದ ಕನಿಷ್ಠ 4 ಕಶೇರುಗಳ ಮುಂಭಾಗದಲ್ಲಿ ಹರಿದಿರುತ್ತದೆ. ನಡುವಣ ಬಿಲ್ಲೆಗಳ ಎತ್ತರ ಬಹುಮಟ್ಟಿಗೆ ಉಳಿದಿರುತ್ತದೆ. ತ್ರಿಕ-ಶ್ರೋಣಿ ಕೀಲುಗಳಲ್ಲಿ ಸವೆತವಿರುವುದಿಲ್ಲ. ಎದೆಯ ಭಾಗದಲ್ಲಿ ಇದು ಬಲಬದಿಗೇ ಹೆಚ್ಚು. ಎಡಬದಿಯಲ್ಲಿ ಮಿಡಿಯುವ ಮಹಾಧಮನಿಯೇ ಅಲ್ಲಿನ ಬೆಳವಣಿಗೆಯನ್ನು ತಡೆಯುತ್ತದೆಂಬುದು ಇದಕ್ಕೆ ನೀಡಲಾಗುವ ವಿವರಣೆ.

ಈ ಭೇದ ಎಷ್ಟು ಸೂಕ್ಷ್ಮವೆಂಬುದಕ್ಕೆ ಈಜಿಪ್ಟಿನ ದೊರೆ 2ನೆಯ ರಾಮ್ಸೆಸನ ಮಮ್ಮಿಯೇ ಸಾಕ್ಷಿ. ಅದರ ಎಕ್ಸ್‌ರೇ ನೋಡಿದವರು ಅವನಿಗೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇತ್ತೆಂದು ಬರೆದಿದ್ದರು. 2004ರ ಮರುಓದು ಅದನ್ನು ಒಪ್ಪದೆ ಡಿಶ್‌ನತ್ತ ಬೆರಳು ಮಾಡಿತು. 2014ರಲ್ಲಿ ಸಹರ್ ಸಲೀಮ್ ಮತ್ತು ಜಾಹಿ ಹವಾಸ್ 13 ರಾಜಮಮ್ಮಿಗಳ ಸಿ.ಟಿ. ಚಿತ್ರಗಳನ್ನು ಪರಿಶೀಲಿಸಿ ಡಿಶ್ ನಿರ್ಣಯವನ್ನೇ ಸಮರ್ಥಿಸಿದರು. ಸುಮಾರು 90 ವರ್ಷ ಬದುಕಿದವನ ಬೆನ್ನಿಗೆ ಯೌವನದ ರೋಗವೊಂದು ಅಂಟಿಕೊಂಡಿತ್ತು!

ಮಮ್ಮಿಗೆ ಇದರಿಂದ ನಷ್ಟವಿಲ್ಲ, ಬದುಕಿರುವವರಿಗೆ ಉಂಟು. ಉರಿಯೂತವನ್ನು ತಗ್ಗಿಸುವ ಜೈವಿಕ ಔಷಧಗಳು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ಗೆ ನೆರವಾಗುತ್ತವೆ. ಡಿಶ್‌ಗೆ ಅವು ಚಿಕಿತ್ಸೆಯಲ್ಲ. ಎಕ್ಸ್‌ರೇಗೂ ಮಿತಿಯಿದೆ: ಮೂಳೆ ಸವೆದ ಮೇಲಷ್ಟೇ ಅದು ಸುಳಿವು ಕೊಡುತ್ತದೆ, ಅಷ್ಟರಲ್ಲಿ ವರ್ಷಗಳೇ ಕಳೆದಿರಬಹುದು. ಆದ್ದರಿಂದ ಮಲಗಿದರೆ ಹೆಚ್ಚುವ, ಓಡಾಡಿದರೆ ತಗ್ಗುವ ಬೆನ್ನುನೋವನ್ನು ಯುವ ರೋಗಿ ತಿಂಗಳುಗಟ್ಟಲೆ ಹೇಳುತ್ತಿದ್ದರೆ, ಚಿತ್ರದಲ್ಲಿ ಬಿದಿರಿನ ಸುಳಿವೇ ಇಲ್ಲದಿದ್ದರೂ, ವೈದ್ಯರು ಎಂ.ಆರ್.ಐ. ಮೂಲಕ ಮೂಳೆಮಜ್ಜೆಯ ಬಾವನ್ನು ಹುಡುಕುತ್ತಾರೆ.