ಗೆಳತಿ ಅಂದ್ರೆ ಬರೀ ಕಣ್ಣೀರು ಒರೆಸೋಳಾ?

ಕಾದಂಬರಿಗಳಲ್ಲಿ ನಾಯಕಿಯ ಗೆಳತಿಗೆ ಯಾಕೆ ಒಂದೇ ಕೆಲಸ?
ಸಮಾಧಾನ ಹೇಳೋದು, ಕಣ್ಣೀರು ಒರೆಸೋದು!

ನಿಜವಾದ ಗೆಳೆತನದಲ್ಲಿ ಹೊಟ್ಟೆಕಿಚ್ಚೂ ಇರುತ್ತೆ.
ಮುನಿಸೂ ಇರುತ್ತೆ.

ಇಟಲಿಯ ಎಲೆನಾ ಫೆರಾಂಟೆ ಇದನ್ನೇ ನಾಲ್ಕು ಕಾದಂಬರಿಗಳಲ್ಲಿ ಬರೆದ್ರು.
ಮೊದಲನೆಯದು ಬಂದಿದ್ದು 2011ರಲ್ಲಿ.
ನೇಪಲ್ಸ್‌ನ ಬಡ ಕೇರಿಯ ಹುಡುಗಿಯರು, ಲೀಲಾ ಮತ್ತು ಲೆನು.
ಒಬ್ಬಳು ಓದು ಮುಂದುವರಿಸ್ತಾಳೆ.
ಇನ್ನೊಬ್ಬಳ ಓದು ಅರ್ಧಕ್ಕೇ ನಿಲ್ಲುತ್ತೆ.

ನಮ್ಮ ತುಂಗೆ, ಭದ್ರೆ ನೋಡಿ.
ಹುಟ್ಟೋದು ಗಂಗಾಮೂಲದಲ್ಲೇ.
ಒಬ್ಬಳು ಶಿವಮೊಗ್ಗದ ಕಡೆ, ಇನ್ನೊಬ್ಬಳು ಭದ್ರಾವತಿ ಕಡೆ.
ಕೂಡಲಿಯಲ್ಲಿ ಸೇರಿದ ಮೇಲೆ
ಯಾರ ನೀರು ಯಾವುದು, ಹೇಳೋಕಾಗುತ್ತಾ?
ಲೆನುಗೂ ಹಾಗೇ.
ತನ್ನ ಯೋಚನೆ ಯಾವುದು, ಲೀಲಾಳದು ಯಾವುದು,
ಅವಳಿಗೇ ಗೊತ್ತಾಗಲ್ಲ.

ಕನ್ನಡದಲ್ಲಿ?
ಕಥೆಗಾರ್ತಿ ವೈದೇಹಿ ಇದ್ದಾರೆ.
ಕುಂದಾಪುರದವರು.
ಮದುವೆಯಾಗಿ ಬಂದು ಕೆಲಕಾಲ ನಮ್ಮ ಶಿವಮೊಗ್ಗದಲ್ಲೇ ಇದ್ದವರು.

ಅವರ ‘ಅಮ್ಮಚ್ಚಿಯೆಂಬ ನೆನಪು’ ಕಥೆ ನನ್ನನ್ನ ಇನ್ನೂ ಬಿಟ್ಟಿಲ್ಲ.
ಅಮ್ಮಚ್ಚಿಗೆ ಪೇಟೆ ಸುತ್ತೋ ಆಸೆ.
ಬೆನ್ನಿಗೆ ಗುಂಡಿ ಇರೋ ರವಿಕೆ ತೊಡೋ ಆಸೆ.
ಇಷ್ಟೇ!
ಅದಕ್ಕೂ ಅವಳ ಮೇಲೆ ಅಧಿಕಾರ ನಡೆಸೋ ವೆಂಕಪ್ಪಯ್ಯನ ಅಡ್ಡಿ.
ಅವಳ ಜೊತೆಗೇ ಓಡಾಡೋ ಪುಟ್ಟ ಹುಡುಗಿ ಎಲ್ಲ ನೋಡ್ತಾಳೆ.
ತಡೆಯೋ ಶಕ್ತಿ ಇಲ್ಲ.
ಪ್ರೀತಿ ಇದ್ದೂ ಸುಮ್ಮನೆ ನಿಂತು ನೋಡಬೇಕು.
ನನ್ನ ಪ್ರಕಾರ ಗೆಳೆತನದಲ್ಲಿ ಅತಿ ಕಷ್ಟದ ಜಾಗ ಅದೇ.
ಜಗಳವನ್ನಾದ್ರೂ ಮರೀಬಹುದು.
ಇದನ್ನ ಮರೆಯೋಕಾಗಲ್ಲ.

2018ರಲ್ಲಿ ಚಂಪಾ ಶೆಟ್ಟಿ ಇದೇ ಹೆಸರಲ್ಲಿ ಸಿನಿಮಾನೂ ಮಾಡಿದ್ರು.
ಆದ್ರೆ ಮೊದಲು ಕಥೆ ಓದಿ.
ಚಿಕ್ಕ ಕಥೆ, ಒಂದೇ ಕೂತಲ್ಲಿ ಮುಗಿಯುತ್ತೆ.
ಓದಿ, ಕಾಮೆಂಟಲ್ಲಿ ಹೇಳಿ:
ಆ ಹುಡುಗಿ ಜಾಗದಲ್ಲಿ ನೀವಿದ್ದಿದ್ರೆ ಏನು ಮಾಡ್ತಿದ್ರಿ?