ಗೆಣ್ಣಿನ ಸುದ್ದಿ, ಲಿವರಿನ ಬಾಯಲ್ಲಿ

ರಾಗಿ ನೆನೆಸಿ, ರುಬ್ಬಿ, ಹಾಲು ಹಿಂಡಿ ಪಾತ್ರೆಯಲ್ಲಿ ಇಟ್ಟರೆ ಸ್ವಲ್ಪ ಹೊತ್ತಿಗೆ ಹಿಟ್ಟು ತಳಕ್ಕೆ ಕೂತು ಮೇಲೆ ತಿಳಿನೀರು ನಿಲ್ಲುತ್ತದೆ. ಇಎಸ್‌ಆರ್ ಪರೀಕ್ಷೆ ಹೆಚ್ಚುಕಡಿಮೆ ಇಷ್ಟೇ. ತೋಳಿನಿಂದ ತೆಗೆದ ರಕ್ತ ಹೆಪ್ಪುಗಟ್ಟದಂತೆ ಸಿಟ್ರೇಟ್ ದ್ರಾವಣ ಬೆರೆಸಿ, ಸಪೂರ ಕೊಳವೆಗೆ ತುಂಬಿ, ನೆಟ್ಟಗೆ ನಿಲ್ಲಿಸಿ ಒಂದು ಗಂಟೆ ಕಾಯುತ್ತಾರೆ. ಕೆಂಪು ಕಣಗಳು ಕೆಳಗಿಳಿಯುತ್ತವೆ, ಮೇಲೆ ತೆಳು ಹಳದಿ ಪ್ಲಾಸ್ಮಾ ಉಳಿಯುತ್ತದೆ. ಆ ಹಳದಿ ಭಾಗ ಎಷ್ಟು ಮಿಲಿಮೀಟರ್ ಉದ್ದವಿದೆಯೋ ಅದೇ ರಿಪೋರ್ಟಿನಲ್ಲಿ ಬರುವ ಅಂಕಿ.

ರುಮಟಾಯ್ಡ್ ಆರ್ಥ್ರೈಟಿಸ್ ಇರುವವರ ಮನೆಯಲ್ಲಿ ಈ ಅಂಕಿಗೆ ಸಿಗುವ ಮರ್ಯಾದೆ ಶುಗರ್ ಅಂಕಿಗೆ ಸಿಗುವುದಕ್ಕಿಂತ ಕಡಿಮೆಯಿಲ್ಲ. 60 ಇದ್ದದ್ದು 28ಕ್ಕೆ ಬಂತೆಂದು ಮಾತ್ರೆ ಬಿಟ್ಟವರಿದ್ದಾರೆ. ‘ರಕ್ತದಲ್ಲಿ ಏನೂ ಇಲ್ಲ’ ಎಂಬ ಮಾತು ಕೇಳಿ, ಊದಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ವಾಪಸಾದವರೂ ಇದ್ದಾರೆ. ಎರಡು ತಪ್ಪಿಗೂ ಬೇರು ಒಂದೇ. ಇಎಸ್‌ಆರ್‌ನಂಥ ಪರೀಕ್ಷೆಗಳು ಕೀಲನ್ನು ನೋಡುವುದೇ ಇಲ್ಲ. ಕೀಲಿನಲ್ಲಿ ಏನಾಗುತ್ತಿದೆಯೆಂದು ಲಿವರನ್ನು ವಿಚಾರಿಸುತ್ತವೆ.

ಕೀಲಿನ ಒಳಗೋಡೆಗೆ ಸೈನೋವಿಯಂ ಎಂಬ ತೆಳುಪೊರೆಯಿದೆ. ಕೀಲಿಗೆ ಎಣ್ಣೆಯಂಥ ದ್ರವ ಒದಗಿಸುವುದು ಅದರ ಕೆಲಸ. ರುಮಟಾಯ್ಡ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಆ ಪೊರೆಯ ಮೇಲೆಯೇ ತಿರುಗಿಬೀಳುತ್ತದೆ. ಪೊರೆ ದಪ್ಪವಾಗಿ, ಕಳೆಯಂತೆ ಹಬ್ಬಿ, ಮೃದ್ವಸ್ಥಿಯನ್ನೂ ಮೂಳೆಯ ಅಂಚನ್ನೂ ತಿನ್ನತೊಡಗುತ್ತದೆ. ವಯಸ್ಸಾದಂತೆ ಮಂಡಿ ಸವೆಯುತ್ತದಲ್ಲ, ಆ ಕಾಯಿಲೆಯೇ ಬೇರೆ, ಇದೇ ಬೇರೆ. ಸವೆತದ ನೋವು ನಡೆದಷ್ಟೂ ಹೆಚ್ಚುತ್ತದೆ, ಕೂತರೆ ಇಳಿಯುತ್ತದೆ. ರುಮಟಾಯ್ಡ್ ಬೆಳಗಿನ ಜಾವವೇ ಹಿಡಿಯುತ್ತದೆ: ಎದ್ದಾಗ ಎರಡೂ ಕೈಯ ಗೆಣ್ಣುಗಳು ಬಿಗಿದಿರುತ್ತವೆ, ಗಂಟೆ ಕಳೆದರೂ ಸಡಿಲವಾಗುವುದಿಲ್ಲ, ಚಪಾತಿ ಹಿಟ್ಟು ನಾದಲು ಮುಷ್ಟಿ ಮಡಚುವುದಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಹೀಗೆ ಕೆರಳಿದ ಪೊರೆಯಿಂದ ಕೆಲವು ಸಂದೇಶವಾಹಕ ಪ್ರೋಟೀನುಗಳು ರಕ್ತಕ್ಕೆ ಇಳಿಯುತ್ತವೆ. ಅವುಗಳಲ್ಲಿ ಇಂಟರ್‌ಲ್ಯೂಕಿನ್-6 ಎಂಬುದು ಲಿವರಿಗೆ ಹೋಗಿ ‘ಎಲ್ಲೋ ಬೆಂಕಿ ಬಿದ್ದಿದೆ’ ಎಂದು ತಿಳಿಸುತ್ತದೆ. ಲಿವರ್ ಆಗ ಫೈಬ್ರಿನೋಜನ್ ಮತ್ತು ಸಿಆರ್‌ಪಿ ಎಂಬ ಪ್ರೋಟೀನುಗಳನ್ನು ಹೆಚ್ಚು ತಯಾರಿಸುತ್ತದೆ. ಕೆಂಪು ಕಣಗಳ ಮೈಮೇಲೆ ಋಣ ವಿದ್ಯುದಂಶ ಇರುವುದರಿಂದ ಸಾಮಾನ್ಯವಾಗಿ ಅವು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಫೈಬ್ರಿನೋಜನ್ ಹೆಚ್ಚಾದರೆ ಆ ತಳ್ಳಾಟ ಸೋಲುತ್ತದೆ. ಕಣಗಳು ನಾಣ್ಯ ಪೇರಿಸಿದ ಹಾಗೆ ಒಂದರ ಮೇಲೊಂದು ಅಂಟಿ ಬೇಗ ಬೇಗ ತಳಕ್ಕೆ ಇಳಿಯುತ್ತವೆ. ಗಂಟೆಯೊಳಗೆ ಹಳದಿ ಭಾಗ ಉದ್ದವಾಗುತ್ತದೆ, ಇಎಸ್‌ಆರ್ ಏರುತ್ತದೆ.

ಇದು ನೂರು ವರ್ಷ ದಾಟಿದ ಪರೀಕ್ಷೆ. ಪೋಲೆಂಡಿನ ವೈದ್ಯ ಎಡ್ಮಂಡ್ ಬೆರ್ನಾಟ್ಸ್ಕಿ 1897ರಲ್ಲಿ ಇದನ್ನು ಗಮನಿಸಿದರು. ಸ್ವೀಡನ್ನಿನ ರಾಬಿನ್ ಫಾರೇಯಸ್ 1918ರಲ್ಲಿ ಮತ್ತೆ ಕಂಡುಕೊಂಡದ್ದು ಬಸಿರನ್ನು ಪತ್ತೆಹಚ್ಚಲು ಬಳಸಬಹುದೇನೋ ಎಂಬ ಯೋಚನೆಯಲ್ಲಿ. ಅಲ್ಲಿಯವರೇ ಆದ ಆಲ್ಫ್ ವೆಸ್ಟರ್‌ಗ್ರೆನ್ 1921ರಲ್ಲಿ ರೂಪಿಸಿದ ವಿಧಾನದ ಹೆಸರು ಇವತ್ತೂ ಲ್ಯಾಬ್ ರಿಪೋರ್ಟಿನಲ್ಲಿ ಕಾಣುತ್ತದೆ.

ಬಸಿರಿನಲ್ಲಿ ಏರುತ್ತದೆ ಎಂಬುದರಲ್ಲೇ ಇದರ ದೌರ್ಬಲ್ಯವೂ ಇದೆ. ವಯಸ್ಸಿನೊಂದಿಗೆ ಇಎಸ್‌ಆರ್ ಸಹಜವಾಗಿಯೇ ಮೇಲಕ್ಕೆ ಹೋಗುತ್ತದೆ. ವೈದ್ಯರು ಬಳಸುವ ಒಂದು ಕೈಲೆಕ್ಕವಿದೆ: ಗಂಡಸಿಗೆ ವಯಸ್ಸಿನ ಅರ್ಧ, ಹೆಂಗಸಿಗೆ ವಯಸ್ಸಿಗೆ 10 ಕೂಡಿಸಿ ಅದರ ಅರ್ಧ. ಅಂದರೆ 60ರ ಹೆಂಗಸಿಗೆ 35ರವರೆಗೂ ಗಾಬರಿಯಾಗಬೇಕಿಲ್ಲ. ರಕ್ತಹೀನತೆಯಿದ್ದರೂ ಅಂಕಿ ಏರುತ್ತದೆ. ಕಣಗಳು ವಿರಳವಾಗಿದ್ದರೆ ಇಳಿಯಲು ಅಡ್ಡಿಯೂ ಕಡಿಮೆ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂಬುದನ್ನು ನೆನೆದರೆ ಬರೀ ಇಎಸ್‌ಆರ್ ನೋಡಿ ರುಮಟಾಯ್ಡ್ ಎಷ್ಟಿದೆಯೆಂದು ಹೇಳುವುದು ಎಂಥ ಅಂದಾಜಿನ ಮಾತು ಎಂದು ಗೊತ್ತಾಗುತ್ತದೆ. ಇನ್ನೊಂದು ಗಂಟೂ ಇದೆ. ಅದೇ ಇಂಟರ್‌ಲ್ಯೂಕಿನ್-6 ಲಿವರಿನಿಂದ ಹೆಪ್ಸಿಡಿನ್ ಎಂಬ ಹಾರ್ಮೋನನ್ನೂ ಹೊರಡಿಸುತ್ತದೆ. ಅದು ದೇಹದಲ್ಲಿರುವ ಕಬ್ಬಿಣವನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕಿಬಿಡುತ್ತದೆ. ಆದ್ದರಿಂದ ರುಮಟಾಯ್ಡ್ ಇರುವ ಅನೇಕರಿಗೆ ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ಕೊಟ್ಟರೂ ಹಿಮೋಗ್ಲೋಬಿನ್ ಅಲುಗುವುದಿಲ್ಲ. ಉರಿಯೂತ ತಣಿದ ಮೇಲೆ ತಾನೇ ಏರುತ್ತದೆ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಫೆರಿಟಿನ್ ಮೊದಲಾದ ಕಬ್ಬಿಣದ ಪರೀಕ್ಷೆಗಳನ್ನೂ ಮಾಡಿಸಿ, ನಿಜವಾದ ಕೊರತೆಯೋ ಬೀಗ ಬಿದ್ದ ಉಗ್ರಾಣವೋ ಎಂದು ವೈದ್ಯರನ್ನು ಕೇಳುವುದು ಒಳ್ಳೆಯದು.

ಸಿಆರ್‌ಪಿ ಇದಕ್ಕಿಂತ ನೇರವಾದ ಸಾಕ್ಷಿ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡರು. ಬ್ಯಾಕ್ಟೀರಿಯಾದ ‘ಸಿ’ ಎಂಬ ಅಂಶಕ್ಕೆ ಅಂಟುತ್ತಿದ್ದುದರಿಂದ ಆ ಹೆಸರು. ಉರಿಯೂತ ಶುರುವಾದ ಕೆಲವೇ ಗಂಟೆಗಳಲ್ಲಿ ಏರುತ್ತದೆ, ಎರಡು ದಿನದಲ್ಲಿ ತುದಿ ಮುಟ್ಟುತ್ತದೆ. ರಕ್ತದಲ್ಲಿ ಇದರ ಅರ್ಧಾಯುಷ್ಯ ಸುಮಾರು 19 ಗಂಟೆ, ಹಾಗಾಗಿ ಕಾರಣ ಹೋದರೆ ಇದೂ ಬೇಗ ಇಳಿಯುತ್ತದೆ. ಇಎಸ್‌ಆರ್ ಇಳಿಯಲು ವಾರಗಳೇ ಬೇಕು. ಸಿಆರ್‌ಪಿ ಇಳಿದು ಇಎಸ್‌ಆರ್ ಇನ್ನೂ ಮೇಲಿದ್ದರೆ ಎಷ್ಟೋ ಸಲ ಅದು ನಿನ್ನೆಯ ಸುದ್ದಿ ಅಷ್ಟೆ. ಎರಡು ಲ್ಯಾಬಿನ ರಿಪೋರ್ಟುಗಳನ್ನು ಹೋಲಿಸುವಾಗ ಅಳತೆಯ ಮಾನ ನೋಡಲೇಬೇಕು. ಲೀಟರಿಗೆ 12 ಮಿಲಿಗ್ರಾಂ ಎಂದರೂ ಡೆಸಿಲೀಟರಿಗೆ 1.2 ಮಿಲಿಗ್ರಾಂ ಎಂದರೂ ಒಂದೇ. ಇದು ಗೊತ್ತಿಲ್ಲದೆ ಹತ್ತು ಪಟ್ಟು ಇಳಿಯಿತೆಂದು ಹಿಗ್ಗುವವರಿದ್ದಾರೆ, ಹತ್ತು ಪಟ್ಟು ಏರಿತೆಂದು ನಿದ್ದೆಗೆಡುವವರಿದ್ದಾರೆ. ನೆಗಡಿ, ಮೂತ್ರದ ಸೋಂಕು, ಹಲ್ಲಿನ ಕೀವು, ಬೊಜ್ಜು ಎಲ್ಲವೂ ಸಿಆರ್‌ಪಿಯನ್ನು ಮೇಲೆತ್ತಬಲ್ಲವು. ಬೆಂಕಿ ಯಾವ ಮನೆಯದೆಂದು ಲಿವರಿಗೆ ತಿಳಿಯದು.

ರಿಪೋರ್ಟಿನಲ್ಲಿ ಇನ್ನೆರಡು ಹೆಸರು ಇರುತ್ತವೆ: ಆರ್‌ಎ ಫ್ಯಾಕ್ಟರ್ ಮತ್ತು ಆಂಟಿ-ಸಿಸಿಪಿ. ಇವು ಉರಿಯೂತದ ಕಾವು ಅಳೆಯುವುದಿಲ್ಲ, ಕಾಯಿಲೆಯ ಗುರುತು ಹೇಳುತ್ತವೆ. ಆರ್‌ಎ ಫ್ಯಾಕ್ಟರ್ ಸಡಿಲವಾದ ಗುರುತು. ಕ್ಷಯ, ಹೆಪಟೈಟಿಸ್ ಸಿ, ಬರೀ ಇಳಿವಯಸ್ಸು ಇದ್ದರೂ ಪಾಸಿಟಿವ್ ಬರಬಹುದು. ಬರೀ ಊದಿದ ಗೆಣ್ಣು ನೋಡಿಯೂ ರುಮಟಾಯ್ಡ್ ಎನ್ನಲಾಗದು. 2006ರಲ್ಲಿ ಚಿಕುನ್‌ಗುನ್ಯ ಕರ್ನಾಟಕದ ಹಳ್ಳಿಹಳ್ಳಿಗಳನ್ನು ಮಲಗಿಸಿದ ಮೇಲೆ ತಿಂಗಳುಗಟ್ಟಲೆ ಕೈ ಗೆಣ್ಣು ಊದಿಸಿಕೊಂಡು ಓಡಾಡಿದವರನ್ನು ನಾವೆಲ್ಲ ನೋಡಿದ್ದೇವೆ. ಆ ನೋವು ರುಮಟಾಯ್ಡ್‌ನ ಪಡಿಯಚ್ಚಿನಂತೆಯೇ ಇರಬಲ್ಲದು, ಜ್ವರದ ಹಿನ್ನೆಲೆ ಕೇಳದೆ ಬೇರ್ಪಡಿಸುವುದು ಕಷ್ಟ. ಆಂಟಿ-ಸಿಸಿಪಿ ಹೆಚ್ಚು ನಂಬಿಕೆಗೆ ಯೋಗ್ಯ. ಕೀಲು ಊದುವುದಕ್ಕೆ ವರ್ಷಗಳ ಮೊದಲೇ ರಕ್ತದಲ್ಲಿ ಕಾಣಿಸಿಕೊಳ್ಳಬಹುದು. ಹೆಚ್ಚಿನ ಮಟ್ಟದಲ್ಲಿದ್ದರೆ ಮೂಳೆ ಸವೆಯುವ ಅಪಾಯ ಹೆಚ್ಚೆಂದು ಅರ್ಥ. ಆದರೆ ಇದನ್ನು ಮೂರು ಮೂರು ತಿಂಗಳಿಗೆ ಮಾಡಿಸುವುದು ದುಡ್ಡು ದಂಡ. ಔಷಧ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಎರಡೂ ನೆಗೆಟಿವ್ ಇದ್ದು ರುಮಟಾಯ್ಡ್ ಇರುವವರೂ ಇದ್ದಾರೆ.

ನನಗೆ ಅತ್ಯಂತ ಮುಖ್ಯವೆನಿಸುವ ವಿಷಯ ಇದು: ಕೀಲು ಊದಿದ್ದರೂ ಇಎಸ್‌ಆರ್, ಸಿಆರ್‌ಪಿ ಎರಡೂ ಸಹಜ ಮಿತಿಯಲ್ಲಿರುವ ರೋಗಿಗಳು ಅಪರೂಪವಲ್ಲ. ಆದ್ದರಿಂದಲೇ ಒಳ್ಳೆಯ ರುಮಟಾಲಜಿಸ್ಟ್ ರಿಪೋರ್ಟಿಗಿಂತ ಮೊದಲು ಕೈ ಹಿಡಿಯುತ್ತಾರೆ. ಭುಜ, ಮೊಣಕೈ, ಮಣಿಕಟ್ಟು, ಬೆರಳ ಗೆಣ್ಣು, ಮಂಡಿ ಸೇರಿ 28 ಕೀಲುಗಳನ್ನು ಒಂದೊಂದಾಗಿ ಒತ್ತುತ್ತಾರೆ. ಒತ್ತುವವರ ಉಗುರು ಬೆಳ್ಳಗಾಗುವಷ್ಟು ಒತ್ತಡ ಸಾಕು. ಎಷ್ಟು ಊದಿವೆ, ಎಷ್ಟು ನೋಯುತ್ತವೆ ಎಂಬ ಎಣಿಕೆ, ಕಾಯಿಲೆ ಎಷ್ಟಿದೆಯೆಂದು ರೋಗಿಯೇ ಕೊಡುವ ಅಂಕ, ಜೊತೆಗೆ ಇಎಸ್‌ಆರ್ ಅಥವಾ ಸಿಆರ್‌ಪಿ ಸೇರಿಸಿದರೆ ಡಾಸ್-28 ಎಂಬ ಅಳತೆ ಬರುತ್ತದೆ. ಇಎಸ್‌ಆರ್ ಹಾಕಿ ಮಾಡಿದ ಲೆಕ್ಕದಲ್ಲಿ 5.1ರ ಮೇಲೆ ಕಾಯಿಲೆ ಜೋರಾಗಿದೆ, 2.6ಕ್ಕಿಂತ ಕೆಳಗೆ ಶಾಂತವಾಗಿದೆ. ಸಿಡಿಎಐ ಎಂಬ ಇನ್ನೊಂದು ಅಳತೆಗೆ ರಕ್ತವೇ ಬೇಡ; ಕೀಲಿನ ಎಣಿಕೆಗೆ ರೋಗಿಯ ಅಂಕ, ವೈದ್ಯರ ಅಂಕ ಕೂಡಿಸಿದರೆ ಮುಗಿಯಿತು. ಲ್ಯಾಬ್ ದೂರವಿರುವ ಊರಿನವರಿಗೆ ಇದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ.

ಎಣಿಸುವುದರಿಂದ ಏನು ಸಿಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಉತ್ತರ ಸಿಕ್ಕಿತು. 2004ರಲ್ಲಿ ಪ್ರಕಟವಾದ ಟಿಕೋರಾ ಎಂಬ ಅಧ್ಯಯನದಲ್ಲಿ 110 ರೋಗಿಗಳಿದ್ದರು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದು ಗುಂಪಿನವರನ್ನು ತಿಂಗಳಿಗೊಮ್ಮೆ ನೋಡಿ, ಕೀಲು ಎಣಿಸಿ, ಗುರಿ ಮುಟ್ಟದಿದ್ದರೆ ಆ ದಿನವೇ ಚಿಕಿತ್ಸೆ ಬಿಗಿಗೊಳಿಸುತ್ತಿದ್ದರು. 18 ತಿಂಗಳ ನಂತರ ಎಂದಿನ ಆರೈಕೆಯ ಗುಂಪಿನಲ್ಲಿ ಶೇ. 16 ಮಂದಿಗೆ ಕಾಯಿಲೆ ಶಾಂತವಾಗಿತ್ತು, ಎಣಿಸಿದ ಗುಂಪಿನಲ್ಲಿ ಶೇ. 65 ಮಂದಿಗೆ. ಬಳಸಿದ್ದು ಹಳೆಯ ಮಾತ್ರೆಗಳು ಮತ್ತು ಸ್ಟೆರಾಯ್ಡ್ ಇಂಜೆಕ್ಷನ್. ದುಬಾರಿಯ ಹೊಸ ಔಷಧ ಒಂದೂ ಇರಲಿಲ್ಲ. ಈ ಫಲಿತಾಂಶ ನೆನಪಾದಾಗಲೆಲ್ಲ, ವರ್ಷಕ್ಕೊಮ್ಮೆ ಹಳೇ ಚೀಟಿ ತೋರಿಸಿ ಅದೇ ಮಾತ್ರೆ ತರುವ ನಮ್ಮ ಅಮ್ಮಂದಿರು ಕಣ್ಣ ಮುಂದೆ ಬರುತ್ತಾರೆ. ಈಗಿನ ನಿಯಮವೂ ಅದೇ: ಮೂರು ತಿಂಗಳಲ್ಲಿ ಸುಧಾರಣೆ ಕಾಣಬೇಕು, ಆರು ತಿಂಗಳಲ್ಲಿ ಗುರಿ ಮುಟ್ಟಬೇಕು, ಇಲ್ಲವೇ ಚಿಕಿತ್ಸೆ ಬದಲಾಗಬೇಕು.

ಚಿಕಿತ್ಸೆಯ ಬೆನ್ನೆಲುಬು ಮೆಥೊಟ್ರೆಕ್ಸೇಟ್. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಮುನ್ನಡೆಸಿದ ತಂಡದಿಂದ 1940ರ ದಶಕದಲ್ಲಿ ಬಂದ ಔಷಧ ಇದು, ಆಗ ರಕ್ತದ ಕ್ಯಾನ್ಸರಿಗೆಂದು. ರುಮಟಾಯ್ಡ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಕೀಲಿಗೆ ಕೊಡುವ ಪ್ರಮಾಣ ಕ್ಯಾನ್ಸರಿಗೆ ಕೊಡುವುದರ ಸಣ್ಣ ಪಾಲು: ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ವಾರಕ್ಕೆ ಒಂದೇ ದಿನ. ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ಮಜ್ಜೆ ಬತ್ತಿ, ಪ್ರಾಣಕ್ಕೇ ಸಂಚಕಾರ. ಗುರುವಾರವೋ ಶನಿವಾರವೋ ಒಂದು ದಿನ ಗೊತ್ತುಮಾಡಿ, ಡಬ್ಬಿಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ, ಓದು ಬಾರದವರಿಗೆ ಮಾತ್ರೆ ಎತ್ತಿಕೊಡುವ ಹೊಣೆ ಮನೆಯ ಒಬ್ಬರು ಹೊರಬೇಕು. ಫೋಲಿಕ್ ಆಸಿಡ್ ಜೊತೆಗಿದ್ದರೆ ಓಕರಿಕೆ, ಬಾಯಿಹುಣ್ಣು ಕಡಿಮೆ. ರಕ್ತಕಣ, ಲಿವರ್, ಕಿಡ್ನಿ ಪರೀಕ್ಷೆ ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಆಗಬೇಕು. ಮದ್ಯ ದೂರವಿರಬೇಕು. ಮಗು ಬೇಕೆನ್ನುವ ಹೆಣ್ಣುಮಕ್ಕಳು ಬಸಿರಿಗೆ ಮುಂಚೆಯೇ ವೈದ್ಯರೊಂದಿಗೆ ಮಾತಾಡಿ ಇದನ್ನು ನಿಲ್ಲಿಸಲೇಬೇಕು. ಬಸಿರಿನಲ್ಲೂ ಮುಂದುವರಿಸಬಹುದಾದ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜಿನ್ ಇವೆ.

ಮೆಥೊಟ್ರೆಕ್ಸೇಟ್ ಕೆಲಸ ತೋರಲು ಆರರಿಂದ ಹನ್ನೆರಡು ವಾರ ಬೇಕು. ಆ ನಡುವಣ ದಿನ ದೂಡಲು ಸಣ್ಣ ಪ್ರಮಾಣದ ಸ್ಟೆರಾಯ್ಡ್ ಕೊಡುತ್ತಾರೆ. ಅದು ಸೇತುವೆ, ವಾಸಕ್ಕಲ್ಲ. ಮೂರೇ ದಿನಕ್ಕೆ ನೋವು ಮಾಯ ಮಾಡುವ, ಲೇಬಲ್ ಇಲ್ಲದ ಪುಡಿಗಳಲ್ಲಿ ಇದೇ ಸ್ಟೆರಾಯ್ಡ್ ಅಡಗಿರುವುದುಂಟು. ವರ್ಷಗಟ್ಟಲೆ ತಿಂದರೆ ಮೂಳೆ ಟೊಳ್ಳಾಗುತ್ತದೆ, ಶುಗರ್ ಏರುತ್ತದೆ. ತಟ್ಟನೆ ಬಿಟ್ಟರೂ ಜೀವಕ್ಕೆ ಅಪಾಯ. ಅಂಥ ಪುಡಿ ತಿನ್ನುತ್ತಿದ್ದರೆ ಸಂಕೋಚಪಡದೆ ವೈದ್ಯರಿಗೆ ಹೇಳಿ. ನೋವಿನ ಮಾತ್ರೆ ನೋವು ಇಳಿಸುತ್ತದೆ, ಮೂಳೆ ತಿನ್ನುವುದನ್ನು ತಡೆಯುವುದಿಲ್ಲ.

ಮಾತ್ರೆಗಳು ಸಾಲದಿದ್ದರೆ ಸಂದೇಶದ ತಂತಿಯನ್ನೇ ಕತ್ತರಿಸುವ ಔಷಧಗಳಿವೆ. 1992ರಲ್ಲಿ ಲಂಡನ್ನಿನಲ್ಲಿ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್ ಟಿಎನ್‌ಎಫ್ ಎಂಬ ಸಂದೇಶವಾಹಕವನ್ನು ತಡೆಯುವ ಇಂಜೆಕ್ಷನ್ ಕೊಟ್ಟು ಈ ದಾರಿ ತೆರೆದರು. ಇವನ್ನು ಶುರುಮಾಡುವ ಮೊದಲು ಅಡಗಿರುವ ಕ್ಷಯವನ್ನು ಹುಡುಕುವುದು ಕಡ್ಡಾಯ. ಟಿಎನ್‌ಎಫ್ ಇಲ್ಲದಿದ್ದರೆ ಶ್ವಾಸಕೋಶದಲ್ಲಿ ಮಲಗಿದ್ದ ಕ್ಷಯ ಎದ್ದು ಕೂರಬಹುದು. ಟೋಫಾಸಿಟಿನಿಬ್‌ನಂಥ ಮಾತ್ರೆಗಳು ಜೀವಕೋಶದ ಒಳಗೆ ಸಂದೇಶ ದಾಟದಂತೆ ತಡೆಯುತ್ತವೆ. ವಯಸ್ಸಾದವರಿಗೆ, ಧೂಮಪಾನಿಗಳಿಗೆ, ಹೃದ್ರೋಗ ಇರುವವರಿಗೆ ಅವನ್ನು ಕೊಡುವಾಗ ಎಚ್ಚರ ಬೇಕು.

ಟೊಸಿಲಿಜುಮಾಬ್ ಎಂಬುದು ಇಂಟರ್‌ಲ್ಯೂಕಿನ್-6ಕ್ಕೇ ಬಾಗಿಲು ಹಾಕುತ್ತದೆ. ಲಿವರಿಗೆ ಸುದ್ದಿ ತಲುಪುವುದೇ ಇಲ್ಲ. ಸಿಆರ್‌ಪಿ ಸೊನ್ನೆಯ ಹತ್ತಿರ ಬರುತ್ತದೆ, ಇಎಸ್‌ಆರ್ ಒಂದಂಕಿಗೆ ಇಳಿಯುತ್ತದೆ, ಕೀಲು ಇನ್ನೂ ಊದಿದ್ದರೂ ಸರಿಯೇ. ಇಎಸ್‌ಆರ್ ಸೇರಿಸಿದ ಡಾಸ್-28 ಕೂಡ ಇಲ್ಲಿ ನಿಜಕ್ಕಿಂತ ಚೆಂದ ಕಾಣುತ್ತದೆ. ನ್ಯುಮೋನಿಯಾ ಬಂದರೂ ಸಿಆರ್‌ಪಿ ಏರದಿರಬಹುದು, ಜ್ವರವೂ ಮಂದವಾಗಿರಬಹುದು. ಈ ಔಷಧ ಪಡೆಯುವವರು ಕೆಮ್ಮು, ಸುಸ್ತು ಎಂದು ಬೇರೆ ವೈದ್ಯರ ಬಳಿ ಹೋದಾಗ ಮೊದಲು ಔಷಧದ ಹೆಸರು ಹೇಳಬೇಕು, ಇಲ್ಲವಾದರೆ ‘ಸಿಆರ್‌ಪಿ ಚೆನ್ನಾಗಿದೆ’ ಎಂದು ಮನೆಗೆ ಕಳಿಸಿಬಿಡಬಹುದು.

ಕಾಯಿಲೆ ಆರು ತಿಂಗಳು ಶಾಂತವಾಗಿದ್ದರೆ ಔಷಧ ಇಳಿಸುವ ಮಾತು ಬರುತ್ತದೆ. ಮೊದಲು ಹೋಗಬೇಕಾದ್ದು ಸ್ಟೆರಾಯ್ಡ್, ನಂತರ ಇಂಜೆಕ್ಷನ್‌ಗಳ ನಡುವಿನ ಅಂತರ ಹಿಗ್ಗುತ್ತದೆ, ಮೆಥೊಟ್ರೆಕ್ಸೇಟ್ ಕೊನೆಗೆ, ಅದೂ ಮೆಲ್ಲಗೆ. ಪೂರ್ತಿ ಬಿಟ್ಟವರಲ್ಲಿ ಬಹಳ ಮಂದಿಗೆ ಮತ್ತೆ ಕೆರಳುತ್ತದೆ. ಇಳಿಸುವ ದಿನಗಳಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ದಿನಾ ಮೂರು ವಿಷಯ ಬರೆದಿಡಿ: ಬೆಳಗಿನ ಬಿಗಿತ ಎಷ್ಟು ನಿಮಿಷ, ಯಾವ ಗೆಣ್ಣು ಊದಿದೆ, ಬಳೆ ಮಣಿಕಟ್ಟಿನ ಮೇಲೆ ಮೊದಲಿನಂತೆ ಜಾರುತ್ತದೆಯೇ. ಮುಂದಿನ ಸಲ ವೈದ್ಯರ ಮೇಜಿನ ಮೇಲೆ ಲ್ಯಾಬ್ ರಿಪೋರ್ಟಿನ ಪಕ್ಕದಲ್ಲೇ ಆ ನೋಟ್‌ಬುಕ್ಕನ್ನೂ ತೆರೆದಿಡಿ.